ಎದೆಯೊಡೆಯುವ ದುಃಖ: ಹೃದಯಾಘಾತವನ್ನು ಹೋಲುವ ಒಂದು ವ್ಯಾಧಿ

ಮನೆಯಲ್ಲಿ ಅಕಾಲಮರಣವಾದಾಗ, ಕೈಗೆ ಬಂದ ಪೈರು ಒಂದೇ ರಾತ್ರಿಯಲ್ಲಿ ನೆರೆಯ ಪಾಲಾದಾಗ, ಎದೆಯೊಡೆಯಿತೆಂದು ಹೇಳುವುದು ನಮ್ಮ ಜನರ ವಾಡಿಕೆ. ಇದು ಬರಿಯ ಮಾತಲ್ಲ. ತೀವ್ರವಾದ ಶೋಕ, ಭಯ ಅಥವಾ ಕೋಪದಿಂದ ಹೃದಯದ ಮಾಂಸಖಂಡವು ತಾತ್ಕಾಲಿಕವಾಗಿ ಶಕ್ತಿಗುಂದುವ ವ್ಯಾಧಿಯೊಂದುಂಟು.

ಜಪಾನ್ ದೇಶದ ವೈದ್ಯರು 1990ನೆಯ ಇಸವಿಯಲ್ಲಿ ಇದನ್ನು ವಿವರಿಸಿ, ‘ತಾಕೋತ್ಸುಬೊ’ ಎಂದು ಕರೆದರು. ಆಕ್ಟೋಪಸ್ ಎಂಬ ಎಂಟು ತೋಳುಗಳ ಜಲಚರವನ್ನು ಹಿಡಿಯಲು ಅಲ್ಲಿನ ಬೆಸ್ತರು ಕಡಲಿನೊಳಕ್ಕೆ ಇಳಿಬಿಡುವ, ಕಿರಿದಾದ ಕೊರಳೂ ಉಬ್ಬಿದ ಹೊಟ್ಟೆಯೂ ಉಳ್ಳ ಮಡಕೆಗೆ ಆ ಹೆಸರು. ಈ ವ್ಯಾಧಿಯಲ್ಲಿ ಹೃದಯದ ಎಡ ಕೆಳಕೋಣೆಯ ತುದಿಯು ಸರಿಯಾಗಿ ಸಂಕುಚಿಸದೆ ಉಬ್ಬಿ, ಅದೇ ಮಡಕೆಯ ಆಕಾರವನ್ನು ತಾಳುವುದು. ಆಘಾತಕಾಲದಲ್ಲಿ ಅಡ್ರಿನಲಿನ್ ಮೊದಲಾದ ರಸಗಳು ರಕ್ತದಲ್ಲಿ ಮಿತಿಮೀರುವುದೇ ಇದಕ್ಕೆ ಮುಖ್ಯ ಕಾರಣವೆಂದು ವೈದ್ಯರ ಅಭಿಪ್ರಾಯ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲಿಯೂ ಮುಟ್ಟು ನಿಂತವರೇ ಅಧಿಕ. 2004ನೆಯ ಇಸವಿ ಅಕ್ಟೋಬರ್ 23ರಂದು ಜಪಾನಿನ ನೀಗಾತ ಪ್ರಾಂತದಲ್ಲಿ ಭೂಕಂಪವಾದ ಬಳಿಕ, ಆ ಸೀಮೆಯಲ್ಲಿ ಇಂತಹ ರೋಗಿಗಳ ಸಂಖ್ಯೆಯು ಹೆಚ್ಚಿತು. ಆದರೆ ಭೂಕಂಪವೇ ಆಗಬೇಕೆಂಬುದಿಲ್ಲ. ಬಂಧುವಿನ ಮರಣವಾಗಲಿ ಮನೆಯೊಳಗಿನ ಕಲಹವಾಗಲಿ ಸಾಕು. ಆದುದರಿಂದ ಯಾವ ಊರಿನಲ್ಲಿಯೂ ಇದು ಸಂಭವಿಸಬಹುದು.

ಎದೆನೋವು, ಉಸಿರಾಟದ ತೊಂದರೆ, ಮೂರ್ಛೆ ಇವೇ ಲಕ್ಷಣಗಳು. ಇವೆಲ್ಲವೂ ಹೃದಯಾಘಾತದಲ್ಲಿಯೂ ಉಂಟು, ಈ.ಸಿ.ಜಿ. ಮತ್ತು ರಕ್ತಪರೀಕ್ಷೆಗಳು ಸಹ ಅದನ್ನೇ ಹೋಲುವುವು. ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದಾಗ ಮಾತ್ರ, ನೋವಿಗೆ ಕಾರಣವಾಗತಕ್ಕ ಅಡಚಣೆ ಇಲ್ಲವೆಂಬುದು ಗೊತ್ತಾಗುವುದು. ಬಾಡಿದ ಗಿಡಕ್ಕೆ ನೀರಿನ ಕೊರತೆಯೋ ಬೇರುಕೊಳೆಯೋ ಎಂಬುದು ಬೇರನ್ನು ನೋಡದೆ ತಿಳಿಯದಷ್ಟೆ; ಇದೂ ಹಾಗೆಯೇ.

ಆದಕಾರಣ, “ದುಃಖದ ಸಂಕಟ, ಸ್ವಲ್ಪ ಮಲಗಿದರೆ ಸರಿಹೋಗುವುದು” ಎಂದು ಯಾರನ್ನೂ ಮನೆಯಲ್ಲಿ ಉಳಿಸಕೂಡದು. ಸರಿಯಾದ ಚಿಕಿತ್ಸೆ ದೊರೆತರೆ ಬಹುಮಂದಿಯ ಹೃದಯವು ಕೆಲವು ವಾರಗಳಲ್ಲಿ ಮೊದಲಿನ ಸ್ಥಿತಿಗೆ ಬರುವುದು. ಆದರೆ ಮೊದಲ ದಿನಗಳಲ್ಲಿ ಪ್ರಾಣಾಪಾಯವೂ ಉಂಟು.

ಗ್ರಾಮದ ಯಜಮಾನರೂ ಭೂಮಾಲೀಕರೂ ಗಮನಿಸತಕ್ಕ ಅಂಶಗಳಿವು: ಸಾವಿನ ಮನೆಯಲ್ಲಿಯೇ ಆಗಲಿ, ಯಾರಿಗಾದರೂ ಎದೆನೋವು ಕಂಡ ಕೂಡಲೆ 108ಕ್ಕೆ ದೂರವಾಣಿ ಮಾಡಿಸತಕ್ಕದ್ದು. ಕರ್ಮಾದಿಗಳು ಮುಗಿಯಲೆಂದು ಕಾಯಬಾರದು. ಜೊತೆಗೆ ಹೋದವರು, ನಡೆದ ಆಘಾತವನ್ನು ವೈದ್ಯರಿಗೆ ಮುಚ್ಚದೆ ತಿಳಿಸಬೇಕು. ಈ ವ್ಯಾಧಿಯು ಕೆಲವರಲ್ಲಿ ಮರುಕಳಿಸುವುದರಿಂದ, ಗುಣವಾಗಿ ಬಂದವರನ್ನು ವೈದ್ಯರು ಹೇಳಿದ ದಿನ ಪುನಃ ಪರೀಕ್ಷೆಗೆ ಕಳುಹಿಸುವುದು ಅತ್ಯಾವಶ್ಯಕ.