ಜಾಣ ಮಗುವಿಗೂ ಆಸರೆ ಬೇಕು

ಎಲ್ಲರಿಗಿಂತ ಮೊದಲೇ ಲೆಕ್ಕ ಬಿಡಿಸಿ, ಕಿಟಕಿಯಾಚೆ ನೋಡುತ್ತ ಕೂರುವ ಮಗುವನ್ನು ನಾವು ಬಹುಬೇಗ ‘ತುಂಟ’ ಎಂದುಬಿಡುತ್ತೇವೆ. ಕಲಿಕೆಯಲ್ಲಿ ಹಿಂದುಳಿದವರಿಗೆ ವಿಶೇಷ ತರಗತಿಗಳುಂಟು. ಮುಂದಿರುವವರ ಬಗ್ಗೆ ಮಾತ್ರ ‘ಅವರಿಗೇನು ಕೊರತೆ?’ ಎಂಬ ಉದಾಸೀನ. ಆದರೆ ಬೇಸರಗೊಂಡ ಪ್ರತಿಭೆ ಪ್ರೌಢಶಾಲೆಯ ಹೊತ್ತಿಗೆ ಮಂಕಾಗುವುದುಂಟು. ಒಂದೆರಡು ಅಂಕ ತಪ್ಪಿದರೂ ಕುಗ್ಗಿಹೋಗುವ ಜಾಣ ಮಕ್ಕಳೂ ಇದ್ದಾರೆ.

ಇಲ್ಲಿಯೇ ಶಾಲಾ ಆಪ್ತಸಮಾಲೋಚಕರ ನೆರವು ಅಗತ್ಯ. ಮಗುವಿನ ಒಲವನ್ನು ಗುರುತಿಸುವುದು, ಶಿಕ್ಷಕರೊಡನೆ ಚರ್ಚಿಸಿ ತಕ್ಕ ಅಭ್ಯಾಸ ಕೊಡಿಸುವುದು, ಅದರ ಮನದ ಭಾರಕ್ಕೆ ಕಿವಿಗೊಡುವುದು ಅವರ ಕಾರ್ಯ. ವಿಶೇಷ ಪ್ರತಿಭೆಯ ಮಕ್ಕಳಿಗೆ ಪ್ರೋತ್ಸಾಹ ದೊರೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಯಲಹಂಕಕ್ಕೆ ಬಹು ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು ಇಂತಹ ಮಕ್ಕಳನ್ನು ಗುರುತಿಸುವ ಬಗೆಯನ್ನು ಕುರಿತು ಸಂಶೋಧನೆ ನಡೆಸಿದೆ. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಕಡಿಮೆ ಆದಾಯದ ಕುಟುಂಬದ ಮಕ್ಕಳಿಗೆ ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆಯಿದೆ, ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂ. ವಿದ್ಯಾರ್ಥಿವೇತನ ಸಲ್ಲುತ್ತದೆ. ಇದನ್ನು ಮನೆಗೆ ಸಕಾಲದಲ್ಲಿ ತಿಳಿಸುವವರು ಬೇಕು.

ಪೋಷಕರೇ, ಮುಂದಿನ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿರಿ: ‘ನಮ್ಮ ಮಗುವಿಗೆ ತರಗತಿಯಲ್ಲಿ ಬೇಸರವಾಗುತ್ತಿದೆಯೇ?’ ಸಮಾಲೋಚಕರಿಲ್ಲದ ಶಾಲೆಯಾದರೆ, ಮಗುವನ್ನು ಬಲ್ಲ ಒಬ್ಬ ಶಿಕ್ಷಕರನ್ನಾದರೂ ಕೇಳಿರಿ.