ಗದ್ದೆ ನಡುವಿನ ಮರಳುಗಾಡು

ಠಾಣೆಯ ವಾಗ್ಳೆ ಎಸ್ಟೇಟಿನ ಕನ್ನಡಿಗರಿಗೆ ಮರಳುಗಾಡು ಅಂದರೆ ಜೈಸಲ್ಮೇರ್. ದೀಪಾವಳಿ ರಜೆ ಹತ್ತಿರ ಬಂತೆಂದರೆ ಠಾಣೆಯ ಟ್ರಾವೆಲ್ಸ್ ಅಂಗಡಿಗಳಲ್ಲಿ ಒಂಟೆಯ ಚಿತ್ರ ಕಾಣಿಸಿಕೊಳ್ಳುತ್ತದೆ. ಸಮ್ ದಿಬ್ಬಗಳ ಮೇಲೆ ಡೇರೆ, ಸಂಜೆಗೆ ಕಾಲ್ಬೇಲಿಯಾ ಕುಣಿತ. ಮಾಘದಲ್ಲಿ ಹೋದವರಿಗೆ ‘ಮರು ಮಹೋತ್ಸವ’ ಎಂಬ ಮರಳುಗಾಡಿನ ಹಬ್ಬ. ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವವರು ಯಾರು? ಆದರೆ ಅಷ್ಟು ದೂರ ಹೋಗಿ ಬಂದವರಿಗೂ ನಮ್ಮದೇ ನಾಡಿನಲ್ಲಿ, ಅದೂ ಕಾವೇರಿಯ ದಂಡೆಯಲ್ಲಿ, ಬತ್ತದ ಗದ್ದೆಗೆ ತಾಗಿಕೊಂಡೇ ಒಂದು ಮರಳೂರು ಇರುವುದು ಪಠ್ಯಪುಸ್ತಕದ ಹೆಸರಾಗಿ ಮಾತ್ರ ನೆನಪಿರುತ್ತದೆ. ಅದು ತಲಕಾಡು.

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿದೆ ಈ ಊರು. ಮೈಸೂರಿನಿಂದ ಸುಮಾರು 45 ಕಿಲೋಮೀಟರು, ಬೆಂಗಳೂರಿನಿಂದ 130ರ ಆಸುಪಾಸು. ಇಲ್ಲಿಗೆ ಬರುವ ಹೊತ್ತಿಗೆ ಕಾವೇರಿ ನೇರ ದಾರಿ ಬಿಟ್ಟು ದೊಡ್ಡದಾಗಿ ಬಳುಕುತ್ತಾಳೆ. ಊರಿನ ಸುತ್ತ ನದಿ ನಾಲ್ಕೂ ದಿಕ್ಕಿಗೆ ಹರಿಯುತ್ತದೆ ಅನ್ನುವುದು ಕ್ಷೇತ್ರದವರ ಹೆಮ್ಮೆ. ಒಂದೊಂದು ದಿಕ್ಕಿನ ಹರಿವಿಗೆ ಒಂದೊಂದು ಲಿಂಗವನ್ನು ಸೇರಿಸಿ ಹೇಳುತ್ತಾರೆ. ಈ ಬಳುಕಿನ ಒಳಮಗ್ಗುಲಿಗೇ ಮರಳಿನ ಗುಡ್ಡಗಳು ಬಿದ್ದುಕೊಂಡಿವೆ.

ಬಸ್ಸಿನಿಂದ ಇಳಿದರೆ ಮೊದಲು ಕಾಣುವುದು ಸಾಧಾರಣ ಹಳ್ಳಿ ಪೇಟೆ: ಎಳನೀರು, ಹೂವು, ಹಣ್ಣುಕಾಯಿ. ವೈದ್ಯೇಶ್ವರನ ಗುಡಿ ದಾಟಿ ಹಿಂಬದಿಗೆ ಹೋಗುತ್ತಲೇ ನೆಲ ಬದಲಾಗುತ್ತದೆ. ಚಪ್ಪಲಿ ಹೂತುಹೋಗುತ್ತದೆ, ನಡಿಗೆ ನಿಧಾನವಾಗುತ್ತದೆ. ಮೇಲ್ಪದರದ ಮರಳು ಬಿಸಿ, ಕಾಲು ಎರಡಂಗುಲ ಒಳಗಿಳಿದರೆ ತಂಪು. ಮರಳನ್ನು ಹಿಡಿದಿಡಲು ನೆಟ್ಟ ನೀಲಗಿರಿ, ಸರ್ವೆ ಮರಗಳು ಈಗ ದಟ್ಟವಾಗಿವೆ. ಕೆಲವು ಮರಗಳ ಬುಡದಿಂದ ಮರಳು ಸರಿದು ಬೇರುಗಳು ಮೊಣಕಾಲೆತ್ತರಕ್ಕೆ ತೆರೆದುಕೊಂಡಿವೆ. ಇನ್ನು ಕೆಲವು ಕುತ್ತಿಗೆವರೆಗೆ ಹೂತಿವೆ. ಯಾವ ದಿಬ್ಬ ಎತ್ತ ಸರಿಯುತ್ತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಈ ಮರಳಿನ ಕೆಳಗೆ ಇರುವುದು ಗಂಗರ ರಾಜಧಾನಿ. ಕೋಲಾರದಲ್ಲಿ ನೆಲೆ ಊರಿದ್ದ ಗಂಗರು ಹರಿವರ್ಮನ ಕಾಲದಲ್ಲಿ ತಲಕಾಡಿಗೆ ಬಂದರು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಈ ಮನೆತನದ ಮಂತ್ರಿ. ಸುಮಾರು 1004ರಲ್ಲಿ ಚೋಳರು ಊರನ್ನು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. ನೂರು ವರ್ಷ ದಾಟಿದ ಮೇಲೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಸಾಮಂತ ಅದಿಯಮನನ್ನು ಓಡಿಸಿ ತಲಕಾಡನ್ನು ಹಿಂದಕ್ಕೆ ಪಡೆದ. ವಿಷ್ಣುವರ್ಧನನಿಗೆ ಈ ಗೆಲುವು ಎಷ್ಟು ದೊಡ್ಡದಾಗಿ ಕಂಡಿತೆಂದರೆ ‘ತಲಕಾಡುಗೊಂಡ’ ಎಂಬ ಬಿರುದನ್ನು ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರಗಳಲ್ಲಿ ಹೊಡೆಸಿದ. 1117ರಲ್ಲಿ ಇಲ್ಲೇ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದ. ಬೇಲೂರು, ಮೇಲುಕೋಟೆ, ತೊಣ್ಣೂರು, ಗದಗಿನ ನಾರಾಯಣರ ಜೊತೆ ಸೇರಿಸಿ ಪಂಚನಾರಾಯಣ ಎನ್ನುವುದು ಈ ಐವರನ್ನೇ.

ಇಷ್ಟು ಇತಿಹಾಸ ಇದ್ದರೂ ಗೈಡುಗಳು ಮೊದಲು ಹೇಳುವುದು ಶಾಪದ ಕತೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಜ ತಲಕಾಡಿಗೆ ಬಂದು ಸೇರಿದ. ಅವನ ಹೆಂಡತಿ ಅಲಮೇಲಮ್ಮನ ಒಡವೆಗಳಿಗಾಗಿ ಮೈಸೂರಿನ ಆಳುಗಳು ಬೆನ್ನುಹತ್ತಿದರು. ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದದ್ದನ್ನು ಮಡಿಲಲ್ಲಿ ಕಟ್ಟಿಕೊಂಡು ನದಿಯಾಚೆಯ ಮಾಲಂಗಿಯ ಮಡುವಿಗೆ ಹಾರಿದಳಂತೆ. ಹಾರುವಾಗ ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನವಿಲ್ಲದ ಬಾಳು ಎಂದು ಶಪಿಸಿದಳಂತೆ. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಮೂರ್ತಿಗೆ ಪೂಜೆ ಸಲ್ಲುತ್ತದೆ. ಅರಮನೆಯೇ ಕತೆಯನ್ನು ಮರೆತಿಲ್ಲ ಎಂದಮೇಲೆ ಗೈಡುಗಳನ್ನು ದೂರಿ ಏನು ಫಲ. ನನಗೆ ಮಾತ್ರ ಈ ಕತೆಯಲ್ಲಿ ಒಂದು ಅನ್ಯಾಯ ಕಾಣುತ್ತದೆ. ದುರಾಸೆ ಅರಸನದು, ಮರಳು ಬಿದ್ದದ್ದು ಆಶ್ರಯ ಕೊಟ್ಟ ಊರಿನ ತಲೆಗೆ.

ವಿಜ್ಞಾನ ಹೇಳುವ ಕತೆ ಇದಕ್ಕಿಂತ ಕಡಿಮೆ ರೋಚಕವೇನಲ್ಲ. ವಿಜಯನಗರದ ಕಾಲದಲ್ಲಿ ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿ ಮಾಧವಮಂತ್ರಿ ಅಣೆಕಟ್ಟು ಬಂತು. ನೀರು ನಾಲೆಗೆ ತಿರುಗಿತು, ಕೆಳಗಿನ ಪಾತ್ರ ಬೇಸಗೆಯಲ್ಲಿ ಬತ್ತತೊಡಗಿತು. ನದಿ ಬಳುಕುವ ಕಡೆ ಒಳದಂಡೆಗೆ ಮರಳು ಬಂದು ಕೂರುವುದು ಎಲ್ಲ ಹೊಳೆಗಳ ಸ್ವಭಾವ. ಹೀಗೆ ಬಯಲಾದ ಒಣಮರಳಿನ ಮೇಲೆ ಮುಂಗಾರಿನ ನೈಋತ್ಯ ಗಾಳಿ ಬೀಸಿದರೆ ಕಣಗಳು ಕುಪ್ಪಳಿಸುತ್ತಾ ದಿಬ್ಬದ ಇಳಿಜಾರು ಬೆನ್ನನ್ನು ಹತ್ತಿ, ಆಚೆಯ ಕಡಿದಾದ ಮಗ್ಗುಲಿಗೆ ಉರುಳುತ್ತವೆ. ಹಿಂದಿನ ಮರಳು ಮುಂದಕ್ಕೆ, ಮುಂದಿನದು ಇನ್ನೂ ಮುಂದಕ್ಕೆ, ದಿಬ್ಬವೇ ನಡೆಯತೊಡಗುತ್ತದೆ. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಶಾಪದ ಕತೆಯ ಹಿಂದೆ ಇಂಥದೊಂದು ಪರಿಸರ ದುರಂತ ಇದೆ ಎಂದು ವಾದಿಸಿದ್ದಾರೆ. ಇಲ್ಲಿಯ ಭೂಸ್ತರದ ಬಿರುಕು, ಅದರಿಂದ ನದಿ ದಾರಿ ಬದಲಿಸಿದ್ದು ಕಾರಣ ಎನ್ನುವ ಭೂವಿಜ್ಞಾನಿಗಳೂ ಇದ್ದಾರೆ. ಎರಡೂ ಕೂಡಿ ಕೆಲಸ ಮಾಡಿರಬಾರದೆಂದೇನೂ ಇಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಿಬ್ಬಗಳ ಈ ನಡಿಗೆಯ ವೇಗವನ್ನೂ ಬರೆದಿಟ್ಟರು: ವರ್ಷಕ್ಕೆ ಒಂಬತ್ತು ಹತ್ತು ಅಡಿ. ಮರಳು ಮೂರು ಕಡೆಯಿಂದ ಒತ್ತುತ್ತಿದ್ದುದರಿಂದ ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗಿತ್ತು. ಮೂವತ್ತಕ್ಕೂ ಹೆಚ್ಚು ಗುಡಿಗಳು ಒಳಗಿವೆ ಎಂಬ ಮಾತೂ ಅಲ್ಲಿದೆ. ಅದೇ ಪುಟದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಗೈಡುಗಳು ಹೇಳುವುದಿಲ್ಲ: ಊರಿನ ಜನಸಂಖ್ಯೆ ಏರುತ್ತಿತ್ತು. ಕಾರಣ ಮಾಧವಮಂತ್ರಿ ನಾಲೆ, ಅದು ಕೊಟ್ಟ ಗದ್ದೆ ಬೇಸಾಯ. ಮರಳಿಗೆ ಯಾವ ಅಣೆಕಟ್ಟಿನ ಕಡೆ ಬೆರಳು ತೋರಿಸುತ್ತಾರೋ ಅದೇ ಅಣೆಕಟ್ಟು ಅನ್ನವನ್ನೂ ಕೊಟ್ಟಿತು. ಹೂತುಹೋದ ಪಟ್ಟಣ ಎಂದು ಪೋಸ್ಟರುಗಳು ತಲಕಾಡನ್ನು ಕರೆಯುವುದು ಅರ್ಧ ಸತ್ಯ. ಈ ಊರಿನವರು ಮನೆ ಬದಲಿಸಿದರು, ದೇವರನ್ನು ಬದಲಿಸಲಿಲ್ಲ. ಮರಳು ಬಂದಾಗ ಸರಿದರು, ದರ್ಶನದ ದಿನ ಬಂದಾಗ ಅಗೆದರು.

ಆ ದರ್ಶನವೇ ತಲಕಾಡಿನ ದೊಡ್ಡ ಹಬ್ಬ, ಪಂಚಲಿಂಗ ದರ್ಶನ. ಊರಿನ ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ. ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರದಂದು ಬಿದ್ದು, ಪಂಚಾಂಗದವರು ಹೇಳುವ ಇತರ ಯೋಗಗಳೂ ಕೂಡಿದಾಗ ಇದು ನಡೆಯುತ್ತದೆ. ಆದ್ದರಿಂದ ಇದಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಎಂಬಂಥ ನಿಗದಿ ಇಲ್ಲ. 2009ರ ನವೆಂಬರ್ 16ರಂದು ಆಯಿತು. ನಾಲ್ಕೇ ವರ್ಷಕ್ಕೆ 2013ರ ಡಿಸೆಂಬರ್ 2ರಂದು ಮತ್ತೆ ಬಂತು. ಆಮೇಲೆ ಏಳು ವರ್ಷ ಕಾಯಿಸಿ 2020ರ ಡಿಸೆಂಬರ್ 14ಕ್ಕೆ. ಕೊನೆಯದು ಕೋವಿಡ್ ಕಾಲ. ಭಕ್ತರ ಸಂಖ್ಯೆಗೆ ಮಿತಿ ಹಾಕಿ ನಡೆಸಿದರು.

ಆ ದಿನ ಭಕ್ತರು ಊರಿನ ಗೋಕರ್ಣ ತೀರ್ಥದಲ್ಲಿ ಮಿಂದು, ಹೊತ್ತು ಮುಳುಗುವುದರೊಳಗೆ ಐದೂ ಲಿಂಗಗಳನ್ನು ನೋಡಿ ಮುಗಿಸಬೇಕೆಂದು ಹೊರಡುತ್ತಾರೆ. ಮುದುಕರು, ಕಂಕುಳಲ್ಲಿ ಕೂಸು ಹೊತ್ತವರು, ಉಪವಾಸ ಇದ್ದವರು, ಎಲ್ಲರಿಗೂ ಅದೇ ಮರಳು. ಹಿಂದೆಲ್ಲ ದರ್ಶನಕ್ಕೆ ಮೊದಲು ಗುಡಿಗಳ ಮೇಲೆ ಬಿದ್ದ ಮರಳನ್ನು ಎತ್ತಿ ದಾರಿ ಬಿಡಿಸುವುದೇ ದೊಡ್ಡ ಕೆಲಸವಾಗಿತ್ತು. ಬೇರೆ ಊರಿನ ಜಾತ್ರೆಗೆ ಚಪ್ಪರ ಹಾಕುತ್ತಾರೆ, ಇಲ್ಲಿ ದೇವಸ್ಥಾನವನ್ನೇ ಹುಡುಕಿ ತೆಗೆಯಬೇಕಿತ್ತು. ಈಗ ಗುಡಿಗಳ ಸುತ್ತ ತಡೆಗೋಡೆ ಇದೆ, ನಡೆಯಲು ನೆರಳಿನ ದಾರಿ ಇದೆ. ಕಷ್ಟ ಕಡಿಮೆಯಾಗಿದೆ, ಒಳ್ಳೆಯದೇ.

ದರ್ಶನದ ವರ್ಷವಲ್ಲದಿದ್ದರೂ ಗುಡಿಗಳು ತೆರೆದಿರುತ್ತವೆ, ಅವುಗಳ ಬಗ್ಗೆ ಒಂದೆರಡು ಮಾತು. ವೈದ್ಯೇಶ್ವರನದು ಎಲ್ಲಕ್ಕಿಂತ ದೊಡ್ಡದು. ಬಾಗಿಲಲ್ಲಿ ನಿಂತ ದ್ವಾರಪಾಲಕರ ಎದುರು ನಮ್ಮ ಎತ್ತರ ಎಷ್ಟೆಂದು ಗೊತ್ತಾಗುತ್ತದೆ. ತಲ, ಕಾಡ ಎಂಬ ಬೇಡ ಸೋದರರು ಮರಕ್ಕೆ ಕೊಡಲಿ ಹಾಕಿದಾಗ ರಕ್ತ ಚಿಮ್ಮಿತು, ಅದೇ ಮರದ ಎಲೆಯಿಂದ ಗಾಯಕ್ಕೆ ಮದ್ದು ಮಾಡಿ ಎಂದು ಶಿವನೇ ದಾರಿ ತೋರಿದ ಎಂಬುದು ಸ್ಥಳಪುರಾಣ. ತನಗೆ ತಾನೇ ವೈದ್ಯನಾದ ದೇವರು. ಊರಿಗೂ ಆ ಸೋದರರದೇ ಹೆಸರು. ಪಾತಾಳೇಶ್ವರನ ಗುಡಿ ಹೆಸರಿಗೆ ತಕ್ಕಂತೆ ತಗ್ಗಿನಲ್ಲಿದೆ. ಮರಳ ದಾರಿಯಲ್ಲಿ ನಡೆದು ಬಂದವರ ಕಾಲಿನ ಮಟ್ಟಕ್ಕೆ ಗುಡಿಯ ಛಾವಣಿ. ಮೆಟ್ಟಿಲಿಳಿದು ದೇವರ ಮಟ್ಟಕ್ಕೆ ಹೋಗಬೇಕು. ಮರಳಿನ ದಪ್ಪ ಎಷ್ಟೆಂದು ಅಂಕಿಯಲ್ಲಿ ಓದುವುದು ಬೇರೆ, ಆ ಮೆಟ್ಟಿಲಿಳಿಯುತ್ತಾ ಭುಜದ ಪಕ್ಕದಲ್ಲಿ ಅದು ಏರುವುದನ್ನು ನೋಡುವುದು ಬೇರೆ. ಇಲ್ಲಿಯ ಲಿಂಗ ಬೆಳಗ್ಗೆ ಕೆಂಪು, ಮಧ್ಯಾಹ್ನ ಕಪ್ಪು, ರಾತ್ರಿ ಬಿಳುಪು ಎನ್ನುತ್ತಾರೆ. ಮೂರು ಹೊತ್ತೂ ಕೂತು ನೋಡುವಷ್ಟು ವ್ಯವಧಾನ ಪ್ರವಾಸಿಗರಿಗೆ ಎಲ್ಲಿ?

ಕೀರ್ತಿನಾರಾಯಣನ ಗುಡಿ ರೈಸ್ ಬರೆಯುವ ಹೊತ್ತಿಗಾಗಲೇ ಮರಳಿನಿಂದ ಹೊರಬಂದಿತ್ತು. ಇತ್ತೀಚಿನ ದಶಕಗಳಲ್ಲಿ ಪುರಾತತ್ವ ಇಲಾಖೆ ಅದನ್ನು ಬಿಚ್ಚಿ ಮತ್ತೆ ಜೋಡಿಸಿ ಭದ್ರಪಡಿಸಿದೆ. ಬೇಲೂರಿನ ಕುಸುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಹೊರಗೋಡೆ ಸಪ್ಪೆ ಅನಿಸೀತು. ಒಳಗಿನ ನಾರಾಯಣನ ಮೂರ್ತಿ ಆ ಕೊರತೆ ತುಂಬುತ್ತದೆ, ಆಳೆತ್ತರ ಮೀರಿದ ವಿಗ್ರಹ. 1990ರ ದಶಕದ ಉತ್ಖನನದಲ್ಲಿ ಮರಳಿನಡಿಯಿಂದ ಹಳೆಯ ಇಟ್ಟಿಗೆ ಕಟ್ಟಡಗಳ ಅವಶೇಷಗಳೂ ಸಿಕ್ಕವು. ಅಗೆಯಬೇಕಾದ್ದು ಇನ್ನೂ ಬೇಕಾದಷ್ಟಿದೆ. ಊರಿನಲ್ಲೇ ಒಂದು ಒಳ್ಳೆಯ ವಸ್ತುಸಂಗ್ರಹಾಲಯ, ಗಂಗರ ಕತೆಯನ್ನು ಮಕ್ಕಳಿಗೆ ಅರ್ಥವಾಗುವಂತೆ ಹೇಳುವ ನಾಲ್ಕು ಫಲಕಗಳು ಇದ್ದರೆ ಶಾಪದ ಕತೆಯೊಂದನ್ನೇ ಹೊತ್ತು ಮನೆಗೆ ಹೋಗುವವರು ಕಡಿಮೆಯಾದಾರು.

ಜನಜೀವನ ನೋಡಬೇಕೆನ್ನುವವರಿಗೆ ಮುಡುಕುತೊರೆ ಜಾತ್ರೆಯೇ ಸರಿ. ಮಾಘದಲ್ಲಿ ಮಲ್ಲಿಕಾರ್ಜುನನ ತೇರು. ಅದರ ಜೊತೆಗೇ ದನಗಳ ಜಾತ್ರೆ. ಕೊಂಬಿಗೆ ಬಣ್ಣ ಬಳಿದ ಹಳ್ಳಿಕಾರ್ ಜೋಡಿಗಳನ್ನು ಬಯಲಲ್ಲಿ ಕಟ್ಟಿ, ಪಕ್ಕದಲ್ಲೇ ಒಲೆ ಹೂಡಿ ದಿನಗಟ್ಟಲೆ ಉಳಿಯುವ ರೈತರು. ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ಬೆಲೆ ಕಟ್ಟುವವರು. ಟ್ರ್ಯಾಕ್ಟರ್ ಬಂದಮೇಲೆ ಎತ್ತಿನ ವ್ಯಾಪಾರ ಎಲ್ಲೆಡೆ ಇಳಿದಿದೆ, ಎತ್ತಿನ ಮೇಲಿನ ಪ್ರೀತಿ ಇಳಿದಿಲ್ಲ. ತೇರಿಗೆ ಹಣ್ಣು ಜವನ ಎಸೆಯುವ ನವದಂಪತಿಗಳು, ಬೆಂಡು ಬತ್ತಾಸು, ಕಡ್ಲೆಪುರಿ ರಾಶಿ. ಜೈಸಲ್ಮೇರಿನ ಉತ್ಸವವನ್ನು ಪ್ರವಾಸೋದ್ಯಮದವರು ಪ್ರವಾಸಿಗರಿಗಾಗಿ ಕಟ್ಟಿದರು; ಮುಡುಕುತೊರೆಯಲ್ಲಿ ಪ್ರವಾಸಿ ಇದ್ದರೂ ಇಲ್ಲದಿದ್ದರೂ ತೇರು ಹೊರಡುತ್ತದೆ. ನನ್ನ ಮಟ್ಟಿಗೆ ಇದರ ತೂಕ ಹೆಚ್ಚು. ಇದೇ ತಾಲ್ಲೂಕಿನಲ್ಲಿ, ಕಾವೇರಿ ಕಪಿಲೆಯರು ಸೇರುವ ತಿರುಮಕೂಡಲಿನಲ್ಲಿ, 1989ರಿಂದ ಮೂರು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಕುಂಭಮೇಳವೂ ನಡೆದು ಬಂದಿದೆ. 1268ರ ಸೋಮನಾಥಪುರ ಕೇಶವ ದೇವಾಲಯ, ಶಿವನಸಮುದ್ರದ ಜಲಪಾತ ಎರಡೂ ಒಂದು ಗಂಟೆಯ ಹಾದಿಯೊಳಗೇ ಇವೆ.

ಠಾಣೆ ಕಡೆಯಿಂದ ಹೋಗುವವರಿಗೆ ಕಲ್ಯಾಣದ ಮೂಲಕ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ದಾದರಿನಿಂದ ನೇರ ಮೈಸೂರಿಗೆ ಶರಾವತಿ ಎಕ್ಸ್‌ಪ್ರೆಸ್, ಆದರೆ ಅದು ದಿನಾ ಇರುವುದಿಲ್ಲ. ದಿನ ನೋಡಿಕೊಂಡು ಟಿಕೆಟ್ ಮಾಡಿ. ಮೈಸೂರಿನಲ್ಲಿ ಉಳಿದು ಬೆಳಗ್ಗೆ ಬೇಗ ಹೊರಟರೆ ಮರಳು ಕಾಯುವ ಮುನ್ನ ದಿಬ್ಬಗಳನ್ನು ಮುಗಿಸಬಹುದು. ಭಾನುವಾರ, ಹಬ್ಬದ ದಿನ ಬಿಟ್ಟರೆ ನೆಮ್ಮದಿ. ವಯಸ್ಸಾದವರನ್ನು ಕರೆದೊಯ್ಯುವಾಗ ಬರಿಗಾಲಿನ ನಡಿಗೆ ಇರುತ್ತದೆಂದು ಮೊದಲೇ ಹೇಳಿಡಿ, ನೀರಿನ ಬಾಟಲಿ ಕೈಯಲ್ಲಿರಲಿ. ಪ್ಲಾಸ್ಟಿಕ್ಕನ್ನು ಮರಳಿನಲ್ಲಿ ಹೂತು ಬರಬೇಡಿ, ಗಾಳಿ ಅದನ್ನು ಮತ್ತೆ ಮೇಲೆತ್ತುತ್ತದೆ.

ಕೊನೆಯದಾಗಿ ಹೊಳೆಯ ವಿಷಯ. ದಿಬ್ಬ ಇಳಿದರೆ ಕಾವೇರಿ ಮೊಣಕಾಲುದ್ದ ಹರಿಯುತ್ತಿರುವಂತೆ ಕಾಣುತ್ತಾಳೆ, ಮಕ್ಕಳಿಗಂತೂ ಕಾಲು ನಿಲ್ಲುವುದಿಲ್ಲ. ಮರಳಿನ ತಳದಲ್ಲಿ ಗುಂಡಿ ಎಲ್ಲಿದೆ, ಸುಳಿ ಎಲ್ಲಿದೆ ಎಂದು ದಂಡೆಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಇಲ್ಲಿ ಈಜಲಿಳಿದು ಜೀವ ಕಳೆದುಕೊಂಡವರಿದ್ದಾರೆ. ಹರಿಗೋಲಿನಲ್ಲಿ ಹೋಗಿ, ತೇಲುಜಾಕೆಟ್ ಕೇಳಿ ಹಾಕಿಕೊಳ್ಳಿ, ಎಚ್ಚರಿಕೆ ಫಲಕ ಇರುವ ಕಡೆ ನೀರಿಗೆ ಇಳಿಯಬೇಡಿ.