ದೋಸೆಯೂ ಸರದಿಯೂ

‘ಕಾಯು’ ಎಂಬ ಕನ್ನಡ ಪದವನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೊಂದು ಸಂತೋಷ. ಬಿಸಿಯಾಗುವುದೂ ಕಾಯುವುದೇ, ರಕ್ಷಿಸುವುದೂ ಕಾಯುವುದೇ, ಬರುವವರ ದಾರಿ ನೋಡುತ್ತ ನಿಲ್ಲುವುದೂ ಕಾಯುವುದೇ. ಒಲೆಯ ಮೇಲೆ ನೀರು ಕಾಯುತ್ತದೆ. ರೈತ ಹೊಲ ಕಾಯುತ್ತಾನೆ. ಶಬರಿ ರಾಮನಿಗಾಗಿ ಕಾಯುತ್ತಾಳೆ. ಈ ಮೂರು ಅರ್ಥಗಳೂ ಒಂದೆಡೆ ಕೂಡುವ ಸ್ಥಳ ಯಾವುದೆಂದು ಯಾರಾದರೂ ಕೇಳಿದ್ದರೆ ಮೊನ್ನೆಯವರೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮುಂದೆ ಮಸಾಲೆ ದೋಸೆಗಾಗಿ ನಿಂತಿದ್ದಾಗ ಅದು ಹೊಳೆಯಿತು.

ನಾನೊಬ್ಬನೇ ನಿಂತಿರಲಿಲ್ಲ. ಹಾಸನದ ಕಡೆಯ ನಮ್ಮೂರಿನಿಂದ ಬಂದಿದ್ದ, ಎಪ್ಪತ್ತು ದಾಟಿದ ನನ್ನ ತಾಯಿಯವರೂ ಜೊತೆಗಿದ್ದರು. ಬಾಗಿಲ ಬಳಿ ಹೆಸರು ಬರೆಸಿ ಬಂದು, ಇನ್ನು ಮುಕ್ಕಾಲು ಗಂಟೆಯಾದರೂ ಆದೀತೆಂದು ತಿಳಿಸಿದೆ. ಅವರು ಒಮ್ಮೆ ಜನರ ಗುಂಪನ್ನೂ ಒಮ್ಮೆ ನನ್ನನ್ನೂ ನೋಡಿದರು.

“ಸೀಮೆಎಣ್ಣೆಗೆ ನಿಂತಿದ್ದೀನಿ, ಸಕ್ಕರೆಗೆ ನಿಂತಿದ್ದೀನಿ. ದೋಸೆಗೆ ನಿಂತಿರಲಿಲ್ಲ ಕಣೋ. ಇಷ್ಟು ಹೊತ್ತಿಗೆ ಮನೇಲಿ ಇಪ್ಪತ್ತು ಹುಯ್ದು ಮುಗಿಸ್ತಿದ್ದೆ.”

ಒಪ್ಪತಕ್ಕ ಮಾತೇ. ಸರದಿಯಲ್ಲಿ ಎರಡು ಬಗೆ: ಇಲ್ಲದ್ದಕ್ಕಾಗಿ ನಿಲ್ಲುವುದು ಒಂದು, ಇಷ್ಟವಾದದ್ದಕ್ಕಾಗಿ ನಿಲ್ಲುವುದು ಇನ್ನೊಂದು. ಇವೆರಡಕ್ಕೂ ಇರುವ ಅಂತರ ಬಹಳ ಕಾಲದ್ದೇನಲ್ಲ. ವೆಂಕಟರಮಣ ಉರಾಳರು ವಿದ್ಯಾರ್ಥಿ ಭವನವನ್ನು ತೆರೆದದ್ದು 1943ರಲ್ಲಿ. ಅದೇ ವರ್ಷ ಬಂಗಾಳದಲ್ಲಿ ಮಹಾಕ್ಷಾಮ; ಕಲ್ಕತ್ತೆಯ ಬೀದಿಗಳಲ್ಲಿ ಜನ ಗಂಜಿಗಾಗಿ ಸಾಲುಗಟ್ಟಿ ಕಾದರು, ಲಕ್ಷಾಂತರ ಮಂದಿ ಸತ್ತರು. ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಆರಂಭವಾದ ನಮ್ಮ ಎಂ.ಟಿ.ಆರ್., ತನ್ನ ರವೆ ಇಡ್ಲಿಗೂ ಅಂಥದೇ ಒಂದು ಜನ್ಮವೃತ್ತಾಂತವನ್ನು ಹೇಳುತ್ತದೆ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಯುದ್ಧಕಾಲದ ಆ ಅಕ್ಕಿಯ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದರಂತೆ. ಅಭಾವದ ಮಗುವಾದ ಆ ತಿಂಡಿಗಾಗಿ ಇಂದು ಹೊಟ್ಟೆ ತುಂಬಿದವರು ಸರದಿಯಲ್ಲಿ ನಿಲ್ಲುತ್ತಾರೆ. ಇದನ್ನು ಕಂಡು ನಗುವವರು ನಗಲಿ. ನನಗೆ ಇದು ಸಮಾಧಾನದ ಸಂಗತಿಯಾಗಿಯೇ ತೋರುತ್ತದೆ.

ಹಾಗಾದರೆ ಜನ ಎಷ್ಟು ಹೊತ್ತು ಕಾಯಬಲ್ಲರು? ಕಾಯುವವರ ಮನಸ್ಸನ್ನು ಕುರಿತು ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದ ಪ್ರಬಂಧವೊಂದು ಪ್ರಸಿದ್ಧವಾಗಿದೆ. ಕೆಲಸವಿಲ್ಲದ ಹೊತ್ತು ಕೆಲಸವಿರುವ ಹೊತ್ತಿಗಿಂತ ದೀರ್ಘವೆನಿಸುತ್ತದೆ. ಎಷ್ಟು ಹೊತ್ತೆಂದು ಗೊತ್ತಿಲ್ಲದಿದ್ದರೆ ಭಾರ, ಅನ್ಯಾಯವಾಗುತ್ತಿದೆ ಎನಿಸಿದರೆ ಇನ್ನೂ ಭಾರ. ಒಂಟಿಯಾಗಿ ಕಾಯುವುದಕ್ಕಿಂತ ಗುಂಪಿನಲ್ಲಿ ಕಾಯುವುದು ಹಗುರ. ಸಿಗುವ ವಸ್ತುವಿಗೆ ಬೆಲೆ ಹೆಚ್ಚಿದಷ್ಟೂ ಜನರ ತಾಳ್ಮೆಯೂ ಹೆಚ್ಚು. ಇವು ಅವರ ಸೂತ್ರಗಳಲ್ಲಿ ಕೆಲವು. ನಿಂತಲ್ಲೇ ಪರೀಕ್ಷಿಸಿ ನೋಡಿದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ನನ್ನ ತಾಯಿ ಪಕ್ಕದಲ್ಲಿದ್ದ ಹೆಂಗಸಿನ ಊರು, ಸೊಸೆ, ಮಂಡಿನೋವು ಎಲ್ಲವನ್ನೂ ತಿಳಿದುಕೊಂಡಿದ್ದರು. ತಡವಾಗಿ ಬಂದ ಯುವಕನೊಬ್ಬ ಮೆಲ್ಲನೆ ಬಾಗಿಲ ಕಡೆಗೆ ಸರಿದಾಗ ಮಾತ್ರ ಇಡೀ ಗುಂಪು ಗಡಿಯಾರ ನೋಡಿಕೊಂಡಿತು. ಮೈಸ್ಟರ್ ಹೇಳಿದ್ದು ಸುಳ್ಳಲ್ಲ.

ಆದರೆ ಅವರ ಸೂತ್ರಗಳಿಗೆ ನಿಲುಕದ ಸಂಗತಿಯೊಂದಿದೆ. ಈಗ ಮೊಬೈಲಿನಲ್ಲಿ ಬೆರಳಾಡಿಸಿದರೆ ದೋಸೆ ಮನೆಯ ಬಾಗಿಲಿಗೇ ಬರುತ್ತದೆ. ಆದರೂ ಜನ ಬಂದು ಬೀದಿಯಲ್ಲಿ ನಿಲ್ಲುವುದೇಕೆ? ಕಾರಣ ದೋಸೆಯ ಸ್ವಭಾವದಲ್ಲಿಯೇ ಇದೆ. ಅದರ ಮೊದಲರ್ಧವೆಲ್ಲ ತಾಳ್ಮೆ: ಅಕ್ಕಿ, ಉದ್ದು ನೆನೆಯಬೇಕು, ರುಬ್ಬಬೇಕು, ಹಿಟ್ಟು ಇಡೀ ರಾತ್ರಿ ಹುದುಗಬೇಕು. ನಮ್ಮ ಮುಕ್ಕಾಲು ಗಂಟೆಗಿಂತ ಹಿಟ್ಟಿನ ಆ ಒಂದು ರಾತ್ರಿ ದೊಡ್ಡದು. ಕಾದ ಕಾವಲಿಯ ಮೇಲೆ ಬಿದ್ದ ಮೇಲೆ ಮಾತ್ರ ಅದರ ತಾಳ್ಮೆ ಮುಗಿಯಿತು. ಅಡಿಯ ಪದರ ಕೆಂಪಗೆ ಗರಿಗರಿಯಾಗುತ್ತದೆ, ಒಳಗಿನ ತೇವ ಹಬೆಯಾಗಿ ಹೊರಡುತ್ತದೆ. ಆಗಲೇ ತಿಂದರೆ ದೋಸೆ. ಡಬ್ಬಿಯಲ್ಲಿಟ್ಟು ಮುಚ್ಚಿದರೆ ಅದೇ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ, ಮತ್ತೆ ದೋಸೆಯ ಮೇಲೆಯೇ ಇಳಿಯುತ್ತದೆ. ಮನೆಗೆ ಬಂದು ತಲುಪುವುದು ಒದ್ದೆ ಬಟ್ಟೆ. ದೋಸೆ ನಮಗಾಗಿ ಕಾಯುವುದಿಲ್ಲ. ಆದ್ದರಿಂದ ದೋಸೆಗಾಗಿ ಯಾರಾದರೂ ಕಾಯಲೇಬೇಕು.

‘ಯಾರಾದರೂ’ ಎಂದು ಮನಸ್ಸಿನಲ್ಲಿ ಹೇಳಿಕೊಂಡೆನಷ್ಟೆ. ನಮ್ಮೂರ ಅಡುಗೆಮನೆ ಕಣ್ಣ ಮುಂದೆ ಬಂದಿತು. ಸೌದೆ ಒಲೆಯ ಎದುರು ತಾಯಿ, ಗೋಡೆಯ ಬದಿಗೆ ಸಾಲಾಗಿ ನಾವು ನಾಲ್ವರು ಮಕ್ಕಳು, ಬಾಗಿಲಿಗೆ ಹತ್ತಿರ ಮಣೆಯ ಮೇಲೆ ತಂದೆ. ಕಾವಲಿಯಿಂದ ಎದ್ದ ದೋಸೆ ನೇರವಾಗಿ ತಟ್ಟೆಗೆ ಬರುತ್ತಿತ್ತು. “ಇನ್ನೊಂದು ಹಾಕಲೇ?” ಎಂದು ಅವರು ಕೇಳುವುದು, “ನನಗೆ ಮೊದಲು” ಎಂದು ನಾವು ಜಗಳವಾಡುವುದು. ನಾವೆಲ್ಲ ಕೈ ತೊಳೆದು ಶಾಲೆಗೆ ಓಡಿದ ಮೇಲೆ ಅವರು ಪಾತ್ರೆಯ ಅಂಚಿನ ಹಿಟ್ಟನ್ನು ಬಳಿದು, ಆರುತ್ತಿದ್ದ ಒಲೆಯ ಮೇಲೆ ಕೊನೆಯದನ್ನು ಹುಯ್ದುಕೊಳ್ಳುತ್ತಿದ್ದರು. ಅದು ಗರಿಯಾಗಿರುತ್ತಿತ್ತೇ, ಇಲ್ಲವೇ? ನನಗೆ ತಿಳಿಯದು. ಅದನ್ನು ನೋಡಲು ನಮ್ಮಲ್ಲಿ ಒಬ್ಬರೂ ಅಲ್ಲಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿಯೂ ಸರದಿಯಿತ್ತು. ಅದರ ಕೊನೆಯಲ್ಲಿ ನಿಂತವರು ಯಾವಾಗಲೂ ಒಬ್ಬರೇ. ಕಾವಲಿ ಕಾಯುವುದನ್ನು ನೋಡುತ್ತ, ನಮ್ಮನ್ನು ಕಾಯುತ್ತ, ತಮ್ಮ ಪಾಳಿಗಾಗಿ ಕಾಯುತ್ತ ಅವರು ಅಲ್ಲಿದ್ದರು. ಪದದ ಮೂರು ಅರ್ಥಗಳೂ ಆ ಹೊಗೆ ಹಿಡಿದ ಕೋಣೆಯಲ್ಲಿಯೇ ಇದ್ದುವು, ಎಂ.ಎ. ಮಾಡಿದ ಮಗನಿಗೆ ಕಾಣಿಸಿರಲಿಲ್ಲ.

ಹೆಸರು ಕೂಗಿದರು. ಒಳಗೆ ಹೋಗಿ ಕುಳಿತೆವು. ಗೋಡೆಯ ಮೇಲೆ ಕನ್ನಡದ ಹಿರಿಯ ಸಾಹಿತಿಗಳ ರೇಖಾಚಿತ್ರಗಳು. ಪಾಠ ಹೇಳುವವನಿಗೆ ಅವರೆದುರು ತಿನ್ನಲು ತುಸು ಸಂಕೋಚ. ಪಂಚೆಯುಟ್ಟ ಮಾಣಿಯೊಬ್ಬರು ಹತ್ತಕ್ಕೂ ಮೀರಿದ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಗೋಪುರದಂತೆ ಪೇರಿಸಿಕೊಂಡು ಬಂದು, ಒಂದನ್ನು ತಾಯಿಯ ಮುಂದಿಟ್ಟರು. ಸಾಂಬಾರಿಲ್ಲ, ತೆಳ್ಳನೆಯ ಚಟ್ನಿ ಮಾತ್ರ. ತಾಯಿ ಅಂಚನ್ನು ಮುರಿದು, ಸದ್ದು ಕೇಳಿ, ಬಾಯಿಗಿಟ್ಟುಕೊಂಡರು. ವಿಮರ್ಶೆ ಬರುವುದೆಂದು ಕಾದೆ: ಬೆಣ್ಣೆ ಹೆಚ್ಚು, ಉಪ್ಪು ಕಡಿಮೆ, ಇತ್ಯಾದಿ. ಬರಲಿಲ್ಲ. ಅರ್ಧ ದೋಸೆ ಮುಗಿಯುವವರೆಗೆ ಅವರು ಮಾತನಾಡಲೇ ಇಲ್ಲ.

“ಬಿಸಿಯಾಗಿದೆ” ಎಂದರು ಆಮೇಲೆ.

ಅಷ್ಟೇ. ಆ ಒಂದು ಮಾತಿಗೆ ಏನು ಉತ್ತರ ಹೇಳಬೇಕೆಂದು ತೋಚದೆ, “ಇನ್ನೊಂದು ಹೇಳಲೇ ಅಮ್ಮ?” ಎಂದು ಕೇಳಿದೆ. ಅವರು ಬಾಗಿಲ ಕಡೆ ತಿರುಗಿ ನೋಡಿದರು. ಅಲ್ಲಿ ತಂದೆಯೊಬ್ಬನ ಕೈಹಿಡಿದು ಇಬ್ಬರು ಹುಡುಗರು ಒಳಗೆ ಇಣುಕುತ್ತಿದ್ದರು.

“ಬೇಡ. ಮಕ್ಕಳು ಹಸಿದು ನಿಂತಿವೆ. ಬೇಗ ಏಳು.”

ಕಾಫಿಗೂ ಕೂರಲಿಲ್ಲ.

ಅದರ ಮುಂದಿನ ಭಾನುವಾರ ಹಿಟ್ಟು ಮನೆಯಲ್ಲಿಯೇ ಇತ್ತು. ನನ್ನ ಹೆಂಡತಿಯನ್ನೂ ತಾಯಿಯನ್ನೂ ಮೇಜಿನ ಮುಂದೆ ಕೂರಿಸಿ, ಸೌಟು ನಾನು ಹಿಡಿದೆ. ಮೊದಲನೆಯದು ಕಾವಲಿಗೆ ಅಂಟಿತು. ಎರಡನೆಯದು ನಕಾಶೆಯ ಕರ್ನಾಟಕದಂತೆ ಉದ್ದುದ್ದವಾಯಿತು. ಮೂರನೆಯದು ಹೇಗೋ ದುಂಡಗೆ ಬಂದಿತು. ಓಡಿಹೋಗಿ ಅದನ್ನು ತಾಯಿಯ ತಟ್ಟೆಗೆ ಹಾಕಿದೆ. “ನಿನಗೋ?” ಎಂದರು. ಆಮೇಲೆ ಎಂದೆ. ಇಬ್ಬರದೂ ಮುಗಿದು ನನ್ನದನ್ನು ಹುಯ್ದುಕೊಳ್ಳುವಾಗ ತಿಂಡಿಯ ಹೊತ್ತು ಮೀರಿ ಒಂದು ಗಂಟೆಯಾಗಿತ್ತು. ಅಷ್ಟು ಹೊತ್ತು ಕಾದದ್ದು ನನಗೆ ಭಾರವೆನಿಸಲಿಲ್ಲ. ಕೊನೆಯ ದೋಸೆ ಮಾತ್ರ ಸ್ವಲ್ಪ ಸೀದಿತ್ತು.